ಮಣಿಯೊಳಗಿನ ಗುಳ್ಳೆ

ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಕಪ್ಪು ಡಾಲರೈಟ್ ಕಲ್ಲನ್ನು ಒಡೆದು, ಉಜ್ಜಿ ಕೊಡಲಿ ಮಾಡುತ್ತಿದ್ದರು. ಅವರು ಉಜ್ಜಿದ ಬಂಡೆಗಳ ಮೇಲಿನ ನುಣುಪು ತಗ್ಗುಗಳನ್ನು ಇಂದಿಗೂ ಬೆರಳಿನಿಂದ ಮುಟ್ಟಿ ನೋಡಬಹುದು. ಆದರೆ ಅವರು ಗಾಜು ಕಂಡವರಲ್ಲ. ಈ ಸೀಮೆಯಲ್ಲಿ ಗಾಜಿನ ಮಣಿ ಕಾಣಿಸಿಕೊಳ್ಳುವುದು ಅವರಾದ ಮೇಲೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬಿ.ಕೆ. ಥಾಪರ್ 1954ರಲ್ಲಿ ಅಗೆಸಿದಾಗಲೂ, ಅದಕ್ಕೂ ಮೊದಲು 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆಸಿದಾಗಲೂ ಗಾಜಿನ ಮಣಿಗಳು ಸಿಕ್ಕವು. ಇಂಥ ಹಳೆಯ ಮಣಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಬಣ್ಣವಲ್ಲ, ಒಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳು.

ಗುಳ್ಳೆ ಒಳಗೇ ಯಾಕೆ ಉಳಿಯುತ್ತದೆ? ನೀರಿನಲ್ಲಿ ಗುಳ್ಳೆ ಎದ್ದರೆ ಕ್ಷಣದಲ್ಲಿ ಮೇಲೆ ಬಂದು ಒಡೆಯುತ್ತದೆ. ಮಣಿ ಸುತ್ತುವ ಶಾಖದಲ್ಲಿ ಗಾಜು ಜೋನಿಬೆಲ್ಲದಷ್ಟು ಮಂದ. ಪುಟ್ಟ ಗುಳ್ಳೆಗೆ ಅದನ್ನು ಸೀಳಿಕೊಂಡು ಮೇಲೇರುವ ಬಲವಿಲ್ಲ. ಇಂದಿನ ಗಾಜಿನ ಕಾರ್ಖಾನೆಗಳು ಸುಮಾರು 1400 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಗಾಜನ್ನು ಗಂಟೆಗಟ್ಟಲೆ ಇಟ್ಟು ಗುಳ್ಳೆ ಹೊರಹಾಕುತ್ತವೆ. ಹಳೆಯ ಮಣ್ಣಿನ ಕುಲುಮೆಗಳಿಗೆ ಅಷ್ಟು ಶಾಖ ಎಟುಕುತ್ತಿರಲಿಲ್ಲ. ಜೊತೆಗೆ ನಮ್ಮ ದೇಶದ ಹಳೆಯ ಗಾಜಿನಲ್ಲಿ ಒಂದು ದೊಡ್ಡ ಪಾಲನ್ನು ಸವಳು ನೆಲದ ಮೇಲೆ ಬೆಳ್ಳಗೆ ಕಟ್ಟುವ ಕ್ಷಾರ ಮತ್ತು ಮರಳಿನಿಂದ ಕರಗಿಸಿದ್ದರೆಂದು ತಜ್ಞರು ಹೇಳುತ್ತಾರೆ. ತುಂಗಭದ್ರಾ ನಾಲೆಯ ಕೆಳಗಿನ ಸಿರುಗುಪ್ಪದ ರೈತರಿಗೆ ಸವಳು ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಬೆಳೆ ಕೆಡಿಸುವ ಅಂಥದೇ ಪದಾರ್ಥ ಹಿಂದೆ ಮಣಿಗಾರರಿಗೆ ಬಂಡವಾಳವಾಗಿತ್ತು. ಈ ಗಾಜಿನಲ್ಲಿ ಅಲ್ಯುಮಿನಾ ಹೆಚ್ಚು. ಅಲ್ಯುಮಿನಾ ಹೆಚ್ಚಿದಷ್ಟೂ ಗಾಜು ಇನ್ನಷ್ಟು ಮಂದ, ಗುಳ್ಳೆಯೂ ಇನ್ನಷ್ಟು ಭದ್ರ.

ದೀಪದ ಉರಿಯಲ್ಲಿ, ಈಗಾದರೆ ಗ್ಯಾಸ್ ಟಾರ್ಚಿನ ಮುಂದೆ, ಮಣಿ ಮಾಡುವವರಿಗೆ ಸಿಗುವುದು ಕೆಲವೇ ನಿಮಿಷ. ಒಳಹೊಕ್ಕ ಗುಳ್ಳೆಯನ್ನು ಓಡಿಸಲು ಅಷ್ಟು ಹೊತ್ತು ಸಾಲದು, ಹೊಗದಂತೆ ನೋಡಿಕೊಳ್ಳುವುದೇ ದಾರಿ. ಹೆಚ್ಚಿನ ತಂಟೆ ಶುರುವಾಗುವುದು ಗಾಜು ಸುತ್ತುವ ಸಲಾಕೆಯಿಂದ. ಮಣಿ ಅಂಟಿಕೊಳ್ಳದಿರಲೆಂದು ಉಕ್ಕಿನ ಸಲಾಕೆಗೆ ಬಿಳಿಜೇಡಿ, ಅಲ್ಯುಮಿನಾ ಕಲಸಿದ ಲೇಪ ಬಳಿಯುತ್ತಾರೆ. ಹೊರಗೆ ಒಣಗಿದಂತೆ ಕಂಡರೂ ಅದರೊಳಗೆ ತೇವ ಇದ್ದರೆ, ಬಿಸಿ ಗಾಜು ತಾಗಿದೊಡನೆ ಆವಿಯಾಗಿ ರಂಧ್ರದ ಸುತ್ತ ಗುಳ್ಳೆಗಳ ಸಾಲೇ ಏಳುತ್ತದೆ. ಆದ್ದರಿಂದ ಗಾಜು ಸುತ್ತುವ ಮೊದಲು ಲೇಪ ಹಚ್ಚಿದ ಭಾಗವನ್ನು ಉರಿಯಲ್ಲಿ ಕೆಂಪಗೆ ಹೊಳೆಯುವವರೆಗೆ ಕಾಯಿಸಬೇಕು.

ಗಾಜಿನ ಕಡ್ಡಿಯನ್ನು ತೊಳೆದು, ಒರೆಸಿ, ಪೂರ್ತಿ ಒಣಗಿಸಿಯೇ ಉರಿಗೆ ಹಿಡಿಯಬೇಕು. ಬೆರಳಿನ ಜಿಡ್ಡು, ಕಡ್ಡಿ ಮುರಿದ ತುದಿಯ ಸೀಳಿನಲ್ಲಿ ಕೂತ ಧೂಳು, ಎಲ್ಲವೂ ಸುಟ್ಟು ಅನಿಲವಾಗುತ್ತದೆ. ಕರಗಿದ ಮೊದಲ ಹನಿಯನ್ನು ಇಕ್ಕಳದಲ್ಲಿ ಎಳೆದು ಬಿಸಾಡುವ ಅಭ್ಯಾಸ ಒಳ್ಳೆಯದು. ಗಾಜು ಪೋಲಾಯಿತೆಂದು ಮರುಗಬೇಕಿಲ್ಲ.

ಇನ್ನು ಸುತ್ತುವ ಕೈಚಳಕ. ಚೆನ್ನಾಗಿ ಕರಗಿ ಉಂಡೆಗಟ್ಟಿದ ತುದಿಯನ್ನು ಸಲಾಕೆಗೆ ಒತ್ತಿ, ಸಲಾಕೆಯನ್ನು ನಿಧಾನವಾಗಿ ಒಂದೇ ದಿಕ್ಕಿಗೆ ತಿರುಗಿಸಬೇಕು. ಪ್ರತಿ ಸುತ್ತೂ ಹಿಂದಿನ ಸುತ್ತಿಗೆ ಒತ್ತಿಕೊಂಡೇ ಕೂರಬೇಕು. ಎರಡು ಸುತ್ತಿನ ನಡುವೆ ಸಂದು ಬಿಟ್ಟು ಆಮೇಲೆ ಮೇಲಿಂದ ಗಾಜು ಹೊದಿಸಿದರೆ ಆ ಸಂದಿನ ಗಾಳಿ ಅಲ್ಲೇ ಬಂದಿ. ಬಣ್ಣದ ತಿರುಳಿನ ಮೇಲೆ ಪಾರದರ್ಶಕ ಗಾಜು ಹೊದಿಸುವಾಗಲಂತೂ ಒಂದು ತುದಿಯಿಂದ ಇನ್ನೊಂದು ತುದಿಯತ್ತ ಗಾಳಿಯನ್ನು ತಳ್ಳಿಕೊಂಡೇ ಹೋಗಬೇಕು. ಅವಸರಕ್ಕೆ ಉರಿ ಏರಿಸುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟ ಚಾಳಿ: ಅತಿ ಕಾದ ಗಾಜು ತಾನೇ ನೊರೆಯಾಡಿ ಹೊಸ ಗುಳ್ಳೆ ಹುಟ್ಟಿಸುತ್ತದೆ. ಇಷ್ಟಾಗಿಯೂ ಮೇಲ್ಮೈ ಹತ್ತಿರ ಒಂದು ಗುಳ್ಳೆ ಕಂಡರೆ, ಆ ಜಾಗವನ್ನಷ್ಟೇ ಕಾಯಿಸಿ ಟಂಗ್‌ಸ್ಟನ್ ಸೂಜಿಯಿಂದ ಚುಚ್ಚಿ, ಗುಳಿ ಮುಚ್ಚಿಕೊಳ್ಳುವಂತೆ ಮತ್ತೆ ಕರಗಿಸಬಹುದು. ರಂಧ್ರದ ಬಳಿಯ ಗುಳ್ಳೆಗೆ ಈ ಉಪಾಯ ನಡೆಯದು.

ಗಾಳಿಯನ್ನು ಬೇಕೆಂದೇ ಒಳಬಿಟ್ಟು ಮಣಿ ಮಾಡುವವರೂ ಇದ್ದಾರೆ. ಆಂಧ್ರದ ಪಾಪನಾಯುಡುಪೇಟೆಯಲ್ಲಿ ‘ಲಾಡ’ ಎಂಬ ಟೊಳ್ಳು ಕಬ್ಬಿಣದ ಕೊಳವೆಯ ತುದಿಗೆ ಗಾಜಿನ ದೊಡ್ಡ ಮುದ್ದೆ ಕಟ್ಟಿ, ಅದರ ನಡುವೆ ಪೊಳ್ಳು ಮಾಡಿ, ಕುಲುಮೆಯ ಬಾಯಿಂದ ಉದ್ದನೆಯ ನಳಿಗೆಯಾಗಿ ಎಳೆಯುತ್ತಾರೆ. ನಳಿಗೆ ತೆಳುವಾದಂತೆ ಪೊಳ್ಳೂ ತೆಳುವಾಗಿ ಮಣಿಯ ರಂಧ್ರವಾಗುತ್ತದೆ. ಆಮೇಲೆ ತುಂಡರಿಸಿ, ಬೂದಿಯಲ್ಲಿ ಬೆರೆಸಿ ಕಾಯಿಸಿ ಅಂಚು ಮೊಂಡು ಮಾಡುತ್ತಾರೆ. ಇದೇ ಬಗೆಯ ಮಣಿಗಳು ಹಿಂದೆ ದಕ್ಷಿಣ ಭಾರತದಿಂದ ಆಗ್ನೇಯ ಏಷ್ಯಾ, ಆಫ್ರಿಕಾದವರೆಗೆ ಸಾಗಿದ್ದವು.

ಎಳೆದು ಮಾಡಿದ ಮಣಿಯಲ್ಲಿ ಗುಳ್ಳೆಗಳು ರಂಧ್ರಕ್ಕೆ ಸಮಾನಾಂತರವಾಗಿ ಉದ್ದುದ್ದ ಹಿಗ್ಗಿರುತ್ತವೆ. ಸಲಾಕೆಗೆ ಸುತ್ತಿದ ಮಣಿಯಲ್ಲಿ ಅವು ರಂಧ್ರವನ್ನು ಸುತ್ತುವರಿದಿರುತ್ತವೆ. ಪ್ರಯೋಗಾಲಯವಿಲ್ಲದೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಗಾಜೊಂದಿದ್ದರೆ ಸಾಕು, ಮಣಿ ಹೇಗೆ ಹುಟ್ಟಿತೆಂದು ತಿಳಿಯಬಹುದು. ಹೊಸ ಮಣಿಗಾರರಿಗೆ ಸೋಲೆನಿಸುವ ಗುಳ್ಳೆಯೇ ಇಲ್ಲಿ ಸಾಕ್ಷಿ ನುಡಿಯುತ್ತದೆ.

ಆದರೆ ಮಣಿ ಯಾವ ಕಾಲದ್ದೆಂದು ಗುಳ್ಳೆ ಹೇಳಲಾರದು, ಅದಕ್ಕೆ ಮಣಿ ಬಿದ್ದಿದ್ದ ಮಣ್ಣಿನ ಪದರವೇ ಬೇಕು. ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಹೊಲಗಳಲ್ಲಿ ಅಥವಾ ಬೂದಿದಿಬ್ಬಗಳ ಹತ್ತಿರ ಹಳೆಯ ಮಣಿ ಕಂಡರೆ ಜೇಬಿಗೆ ಹಾಕಿಕೊಳ್ಳಬೇಡಿ. ಇದ್ದಲ್ಲೇ ಫೋಟೊ ತೆಗೆದು, ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೋ ಪುರಾತತ್ತ್ವ ಇಲಾಖೆಗೋ ತಿಳಿಸಿ.