ಅದಿರಿನ ಸೀಮೆಯಲ್ಲಿ ದಿಕ್ಸೂಚಿ

ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗಳಲ್ಲಿ 57ಎ ಎಂಬ ಚೌಕ ಉತ್ತರ ಅಕ್ಷಾಂಶ 15ರಿಂದ 16 ಡಿಗ್ರಿ, ಪೂರ್ವ ರೇಖಾಂಶ 76ರಿಂದ 77 ಡಿಗ್ರಿಯವರೆಗಿನ ನೆಲವನ್ನು ತೋರಿಸುತ್ತದೆ. ಹೊಸಪೇಟೆ, ಹಂಪಿ, ಕಂಪ್ಲಿ, ದರೋಜಿ, ಸಂಡೂರು ಎಲ್ಲವೂ ಇದರೊಳಗೇ. ನಕ್ಷೆ, ದಿಕ್ಸೂಚಿ ಹಿಡಿದು ಓಡಾಡಲು ಕಲಿಯುವವರಿಗೆ ಇದು ಒಳ್ಳೆಯ ಪಾಠಶಾಲೆ. ಹಂಪಿಯ ಕಡೆ ಮುಳ್ಳನ್ನು ನಂಬಬಹುದು, ಸಂಡೂರಿನ ಗುಡ್ಡಗಳಲ್ಲಿ ಅನುಮಾನಿಸಬೇಕು.

ಮುಳ್ಳು ತೋರಿಸುವುದು ಕಾಂತೀಯ ಉತ್ತರವನ್ನು. ಅದಕ್ಕೂ ನಿಜ ಉತ್ತರಕ್ಕೂ ಇರುವ ಅಂತರ ಕೆಲವು ದೇಶಗಳಲ್ಲಿ ಹದಿನೈದು ಡಿಗ್ರಿ ದಾಟುತ್ತದೆ. ನಮ್ಮಲ್ಲಿ ಒಂದು ಡಿಗ್ರಿಯ ಆಸುಪಾಸು. ಹಂಪಿ ಪಕ್ಕದ ಕಮಲಾಪುರದ ಹೊರಗೆ ನಿಂತು ಮಾತಂಗ ಬೆಟ್ಟದ ಕೋನ ಅಳೆಯಿರಿ, ಮಾಲ್ಯವಂತದ್ದನ್ನೂ ಅಳೆಯಿರಿ. ನಕ್ಷೆಯಲ್ಲಿ ಆ ಬೆಟ್ಟಗಳಿಂದ ಅದೇ ಕೋನದಲ್ಲಿ ನಿಮ್ಮ ಕಡೆಗೆ ಗೆರೆ ಎಳೆದರೆ, ಅವು ಕೂಡುವಲ್ಲಿ ನೀವಿದ್ದೀರಿ. ಮೂರು ಕಿಲೋಮೀಟರ್ ದೂರದ ಬೆಟ್ಟದ ಕೋನದಲ್ಲಿ ಒಂದು ಡಿಗ್ರಿ ತಪ್ಪಿದರೂ ಗೆರೆ ಸರಿಯುವುದು ಸುಮಾರು 52 ಮೀಟರ್. 1:50,000 ನಕ್ಷೆಯಲ್ಲಿ ಒಂದು ಮಿಲಿಮೀಟರ್, ಪೆನ್ಸಿಲ್ ಮೊನೆಯಷ್ಟು.

ಸಂಡೂರಿನ ಕಥೆ ಬೇರೆ. ಅಲ್ಲಿನ ಬೆಟ್ಟಗಳಲ್ಲಿ ಸುಮಾರು 270 ಕೋಟಿ ವರ್ಷ ಹಳೆಯ ಕಬ್ಬಿಣದ ಪದರಶಿಲೆಗಳಿವೆ. ಕೆಂಪು ಹೆಮಟೈಟ್ ಮುಳ್ಳನ್ನು ಅಷ್ಟಾಗಿ ಕಾಡುವುದಿಲ್ಲ. ಅದರ ಜೊತೆಗೇ ಸಿಗುವ ಕಪ್ಪು ಮ್ಯಾಗ್ನೆಟೈಟ್ ಮಾತ್ರ ಮುಳ್ಳನ್ನು ತನ್ನತ್ತ ಸೆಳೆಯಬಲ್ಲದು. ಹದಿನೈದು ಡಿಗ್ರಿ ವಾಲಿತೆಂದರೆ ಮೂರು ಕಿಲೋಮೀಟರಿಗೆ 800 ಮೀಟರ್ ದಾರಿ ತಪ್ಪಿದಂತೆ. ಗಣಿ ಹುಡುಕುವವರಿಗೆ ಇದೇ ಸೆಳೆತ ಅದಿರಿನ ಸುಳಿವು.

ಮುಳ್ಳು ಸುಳ್ಳು ಹೇಳುತ್ತಿದೆಯೇ ಎಂದು ಪರೀಕ್ಷಿಸಲು ಸರ್ವೆಯವರ ಹಳೆಯ ಉಪಾಯವಿದೆ. ಇಲ್ಲಿಂದ ಅಲ್ಲಿಗೆ ಒಮ್ಮೆ, ಅಲ್ಲಿಂದ ಇಲ್ಲಿಗೆ ಒಮ್ಮೆ ಕೋನ ಅಳೆಯುವುದು. ಎರಡರ ವ್ಯತ್ಯಾಸ ಸರಿಯಾಗಿ 180 ಡಿಗ್ರಿ ಬರಬೇಕು. ಬಾರದಿದ್ದರೆ ಎರಡರಲ್ಲೊಂದು ಕಡೆಯಾದರೂ ಕಬ್ಬಿಣದ ಕೈವಾಡವಿದೆ. (ಅದಕ್ಕೂ ಮೊದಲು ಜೇಬಿನ ಮೊಬೈಲು, ಪಕ್ಕದ ಬೈಕು ದೂರವಿರಲಿ.) ಈ ಅಭ್ಯಾಸವನ್ನು ದರೋಜಿ ಕರಡಿಧಾಮದೊಳಗೆ ಮಾತ್ರ ಬೇಡ, ಅಲ್ಲಿ ವೀಕ್ಷಣಾ ಗೋಪುರವೇ ನಮ್ಮ ಜಾಗ.

ಮುಳ್ಳು ಕೈಕೊಟ್ಟಾಗ ನೆಲವನ್ನೇ ಓದಬೇಕು. ಸಂಡೂರಿನ ಬೆಟ್ಟಸಾಲುಗಳು ವಾಯವ್ಯದಿಂದ ಆಗ್ನೇಯಕ್ಕೆ ಚಾಚಿವೆ. ನಕ್ಷೆಯ ಸಮೋನ್ನತ ರೇಖೆಗಳನ್ನು ಅವಕ್ಕೆ ಹೊಂದಿಸಿ ಹಿಡಿದರೆ ಉತ್ತರ ಯಾವುದೆಂದು ತಿಳಿಯುತ್ತದೆ. ಹಳ್ಳವೂ ದಾರಿ ತೋರುತ್ತದೆ: ನಾರಿಹಳ್ಳ ಪಶ್ಚಿಮದಲ್ಲಿ ಓಬಳಗಂಡಿ ಎಂಬ ಕಮರಿಯಿಂದ ಸಂಡೂರು ಕಣಿವೆಗಿಳಿದು, ಪೂರ್ವದಲ್ಲಿ ಭೀಮಗಂಡಿಯನ್ನು ಸೀಳಿ ಹೊರಬೀಳುತ್ತದೆ. ಅಲ್ಲಿಂದ ಮುಂದೆ ಹಳ್ಳದ ಜಾಡನ್ನು ನಕ್ಷೆಯಲ್ಲಿ ಹಿಡಿದು ಹೋದರೆ ದರೋಜಿ ಕೆರೆ ಸಿಗುತ್ತದೆ.