ಕತ್ತರಿ ಕೂಲಿಯೂ ಹುಟ್ಟದ ಉಣ್ಣೆ

ಚಿತ್ರದುರ್ಗ ಜಿಲ್ಲೆಯ ಕಂಬಳಿ ಎಂದರೆ ಎಲ್ಲರ ಬಾಯಲ್ಲೂ ಚಳ್ಳಕೆರೆಯ ಹೆಸರು. ಮಗ್ಗದ ಬಗ್ಗೆ, ಸಂತೆಯ ಬಗ್ಗೆ ಬರೆದದ್ದು ಸಾಕಷ್ಟಾಯಿತು. ಅದಕ್ಕೂ ಮೊದಲು ಹಿರಿಯೂರು, ಹೊಸದುರ್ಗದ ಕಡೆಯ ಕುರಿಹಟ್ಟಿಗಳಲ್ಲಿ ಕತ್ತರಿ ಆಡಬೇಕು ಎಂಬುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಬಯಲುಸೀಮೆಯ ಡೆಕ್ಕನಿ, ಬಳ್ಳಾರಿ ತಳಿಯ ಕುರಿಗಳಿಗೆ ವರ್ಷಕ್ಕೆ 2 ಸಲ ಉಣ್ಣೆ ಕತ್ತರಿಸುವುದು ವಾಡಿಕೆ. ಹಳ್ಳದ ನೀರಿಗಿಳಿಸಿ ಮೈ ತೊಳೆದು, ಒಣಗಿದ ಮೇಲೆ ಕಾಲು ಕಟ್ಟಿ ಕೆಡವಿಕೊಳ್ಳುತ್ತಾರೆ. ಕತ್ತರಿ ಚರ್ಮಕ್ಕೆ ಒತ್ತಿಕೊಂಡೇ ಓಡಬೇಕು, ಚರ್ಮ ಕೊಯ್ಯಬಾರದು. ಕೊಯ್ದರೆ ನೊಣ ಕೂತು ಹುಳ ಬೀಳುತ್ತದೆ. ಮೇಲೆಮೇಲೆ ಕತ್ತರಿಸಿದರೆ ಎಳೆ ಗಿಡ್ಡವಾಗಿ ನೂಲಿಗೆ ಬಾರದು. ಕರಿ, ಕಂದು, ಬಿಳಿ ಬೇರೆಬೇರೆ ರಾಶಿಯಾಗಬೇಕು, ಏಕೆಂದರೆ ನಾಟಿ ಕಂಬಳಿಗೆ ಕುರಿಯ ಮೈಬಣ್ಣವೇ ಬಣ್ಣ. ಮರಿಯ ಮೊದಲ ಉಣ್ಣೆ ಮೆತ್ತಗೆ, ಅದಕ್ಕೆ ಬೇರೆಯೇ ಮರ್ಯಾದೆ. ಇದೇನು ಮಹಾ ಕೆಲಸ ಎನ್ನುವವರು ಒಮ್ಮೆ ಕತ್ತರಿ ಹಿಡಿದು ನೋಡಲಿ.

ಇಷ್ಟೆಲ್ಲ ಮಾಡಿದರೂ ಒಂದು ಕುರಿಯಿಂದ ವರ್ಷಕ್ಕೆ ಸಿಗುವುದು ಅರ್ಧ ಕಿಲೋ ಆಸುಪಾಸು. ಆಸ್ಟ್ರೇಲಿಯಾದ ಮೆರಿನೊ 4-5 ಕಿಲೋ ಕೊಡುತ್ತದೆ, ಅದೂ ನಯವಾದದ್ದು. ಯಂತ್ರದ ಕತ್ತರಿಗೆ ಅದು ನಿಮಿಷಗಳ ಕೆಲಸ. ನಮ್ಮದು ಒರಟು, ಸ್ವೆಟರಿಗೆ ಬಾರದು. ಕಂಬಳಿಗೆ ಬೇಕಾದದ್ದು ಆ ಒರಟೇ. ಹುಣಸೆ ಬೀಜದ ಗಂಜಿ ಹಿಡಿಸಿ ಬಿಗಿಯಾಗಿ ನೇಯ್ದ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡರೆ ಮಳೆ ಸುಲಭಕ್ಕೆ ಒಳಗಿಳಿಯುವುದಿಲ್ಲ.

ಹಿಂದೆ ಉಣ್ಣೆ ಮಾರಿದ ಕಾಸಲ್ಲಿ ಕುರಿಗಾರನ ಕೈಖರ್ಚು ಕಳೆಯುತ್ತಿತ್ತು. ಈಗ ಕತ್ತರಿಸಿದವರ ಕೂಲಿಯೂ ಅದರಲ್ಲಿ ಹುಟ್ಟುವುದು ಕಷ್ಟ. ಹಾಗಂತ ಬಿಡುವಂತಿಲ್ಲ, ಬಿಟ್ಟರೆ ಮೈತುಂಬ ಮುಳ್ಳು, ಉಣ್ಣಿ, ಮೇಲೆ ಬೇಸಿಗೆಯ ಧಗೆ. ಕತ್ತರಿಸಿ ಬೇಲಿಗೆಸೆಯುವವರೂ ಇದ್ದಾರೆ. ದುಡ್ಡಿರುವುದು ಮಾಂಸದಲ್ಲಿ, ಒಂದಿಷ್ಟು ಗೊಬ್ಬರದಲ್ಲಿ: ಹೊಲದಲ್ಲಿ ಮಂದೆ ತರುಬಿದರೆ ರೈತ ಕಾಳೋ ಕಾಸೋ ಕೊಡುತ್ತಾನೆ. ಹಾಗಾಗಿ ಬರೀ ಕೂದಲಿರುವ ನೆಲ್ಲೂರು, ಕೆಂಗುರಿ ತಳಿಗಳು ಹಿಂಡು ಸೇರುತ್ತಿವೆ. ಅವಕ್ಕೆ ಕತ್ತರಿಯೇ ಬೇಡ. ಇದರಲ್ಲಿ ಕುರಿಗಾರನ ತಪ್ಪೇನೂ ಇಲ್ಲ.

ತಪ್ಪು ನಮ್ಮದು. ದೇವರ ಕಾರ್ಯಕ್ಕೆ ಕರಿಕಂಬಳಿ ಗದ್ದುಗೆ ಬೇಕು, ವೇದಿಕೆಯಲ್ಲಿ ಗಣ್ಯರ ಹೆಗಲಿಗೆ ಕಂಬಳಿ ಬೇಕು. ಉಣ್ಣೆಗೆ ಮಾತ್ರ ಬೆಲೆ ಬೇಡ. ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದ ಹೆಸರಿನಲ್ಲೇ ಉಣ್ಣೆಯಿದೆ. ಹಟ್ಟಿಯ ಬಾಗಿಲಲ್ಲೇ ತೂಗಿ, ಕತ್ತರಿ ಕೂಲಿ ಕಳೆದು ನಾಲ್ಕು ಕಾಸು ಉಳಿಯುವ ದರಕ್ಕೆ ಉಣ್ಣೆ ಕೊಳ್ಳುವ ಏರ್ಪಾಡಾಗಲಿ. ಕಂಬಳಿ ಕೊಳ್ಳುವವರೂ ಅದು ಊರ ಕುರಿಯ ಉಣ್ಣೆಯೋ, ಹೊರಗಿನ ನೂಲೋ ಎಂದು ಒಂದು ಮಾತು ಕೇಳಿಯೇ ದುಡ್ಡು ಕೊಡಲಿ.