ನಡಿಗೆ ಕುಂದಿದಾಗ ದಂಪತಿಗಳು ತಿಳಿದಿರಬೇಕಾದ ವಿಷಯಗಳು

ಗದ್ದೆ, ತೋಟ, ಕೊಟ್ಟಿಗೆಗಳಲ್ಲಿ ದುಡಿಯುವ ಕುಟುಂಬಕ್ಕೆ ಕಾಲುಗಳ ಬಲವೇ ಆಧಾರ. ಮೂವತ್ತರ ಪ್ರಾಯದ ಗೃಹಿಣಿಯೊಬ್ಬಳು ಪದೇ ಪದೇ ಎಡವತೊಡಗಿದರೆ, ಕಾಲೆಳೆದು ನಡೆದರೆ, ಕೆಲವರು ಅದನ್ನು ಸೋಮಾರಿತನವೆಂದೂ ಇನ್ನು ಕೆಲವರು ದೋಷವೆಂದೂ ಭಾವಿಸುತ್ತಾರೆ. ಇದರಿಂದ ಚಿಕಿತ್ಸೆಗೆ ವಿಳಂಬವಾಗುತ್ತದೆ. ಇಂತಹ ತೊಂದರೆಗೆ ಹಲವು ಕಾರಣಗಳುಂಟು. ಅವುಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಮಂಡಲದ ಕಾಯಿಲೆಯೂ ಒಂದು.

ಈ ಕಾಯಿಲೆ ಯಾವುದು?

ಪಂಪುಸೆಟ್ಟಿನ ವಿದ್ಯುತ್ ತಂತಿಗೆ ಹೊದಿಕೆಯಿರುವಂತೆ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆಯಿದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಈ ಹೊದಿಕೆಯನ್ನು ಕೆಡಿಸುತ್ತದೆ. ಆಗ ಮಿದುಳಿನ ಆಜ್ಞೆಯು ಕಾಲಿಗೆ ಸರಿಯಾಗಿ ತಲುಪುವುದಿಲ್ಲ. ಸಾಮಾನ್ಯವಾಗಿ 20ರಿಂದ 40 ವರ್ಷ ವಯಸ್ಸಿನೊಳಗೆ ಇದು ತೋರಿಬರುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಇದು ಅಂಟುರೋಗವಲ್ಲ.

ಮಂಗಳೂರು ನಗರದಲ್ಲಿ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಲಕ್ಷ ಜನರಲ್ಲಿ ಸುಮಾರು 8 ಮಂದಿಗೆ ಈ ಕಾಯಿಲೆಯಿತ್ತು. ಕಾಯಿಲೆ ವಿರಳವಾದರೂ ನಮ್ಮ ಕರಾವಳಿಗೆ ಅಪರಿಚಿತವಲ್ಲ. ಆದುದರಿಂದ ಬಿಜೂರು, ಬೈಂದೂರು ಕಡೆಯ ಕುಟುಂಬಗಳೂ ಇದರ ಲಕ್ಷಣಗಳನ್ನು ಅರಿತಿರುವುದು ಒಳ್ಳೆಯದು.

ವಿಶ್ರಾಂತಿಯೇ ಮದ್ದೇ?

ಹಿಂದೆ ವೈದ್ಯರೂ ಈ ರೋಗಿಗಳಿಗೆ ಶ್ರಮಪಡಬಾರದೆಂದು ಹೇಳುತ್ತಿದ್ದರು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ತಜ್ಞರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 15 ವಾರಗಳ ಕ್ರಮಬದ್ಧ ವ್ಯಾಯಾಮದಿಂದ ರೋಗಿಗಳ ಬಲ ಮತ್ತು ಉಸಿರಿನ ಸಾಮರ್ಥ್ಯ ಹೆಚ್ಚಿದವು. ಸದಾ ಮಲಗಿರುವವರ ಸ್ನಾಯುಗಳು ಸೊರಗುತ್ತವೆ, ಕೀಲುಗಳು ಬಿಗಿಯುತ್ತವೆ. ಪ್ರೀತಿಯಿಂದಲೇ ಆದರೂ ರೋಗಿಯನ್ನು ಎಲ್ಲ ಕೆಲಸದಿಂದ ದೂರವಿಟ್ಟರೆ ಉಳಿದ ಶಕ್ತಿಯೂ ನಷ್ಟವಾಗುವುದು. ನಡೆಯಬಲ್ಲವರು ವಾರಕ್ಕೆ ಎರಡು ದಿನವಾದರೂ 30 ನಿಮಿಷಗಳ ಮಧ್ಯಮ ಶ್ರಮದ ನಡಿಗೆಯನ್ನೂ, ಎರಡು ದಿನ ಬಲವರ್ಧಕ ವ್ಯಾಯಾಮವನ್ನೂ ಗುರಿಯಾಗಿಟ್ಟುಕೊಳ್ಳಬೇಕು.

ಮನೆಯಲ್ಲಿ ಮಾಡಬಹುದಾದ ವ್ಯಾಯಾಮ

ಮೊದಲು ಫಿಜಿಯೋಥೆರಪಿ ತಜ್ಞರಿಂದ ಕಾಲುಗಳ ಪರೀಕ್ಷೆ ಮಾಡಿಸಿ, ತಮಗೆ ತಕ್ಕುದನ್ನು ಕಲಿತುಕೊಳ್ಳಿರಿ. ಸಾಮಾನ್ಯವಾಗಿ ಹೇಳಿಕೊಡುವ ಕ್ರಮಗಳು ಇವು:

1. ಕಾಲು ಚಾಚಿ ಕುಳಿತು, ಪಾದಕ್ಕೆ ಬೈರಾಸು ಸುತ್ತಿ ಮೆಲ್ಲನೆ ತಮ್ಮ ಕಡೆಗೆ ಎಳೆದು 30 ಸೆಕೆಂಡು ಹಿಡಿಯುವುದು. ಇದು ಮೀನಖಂಡದ ಬಿಗಿತವನ್ನು ಸಡಿಲಿಸುತ್ತದೆ. ರಭಸದಿಂದ ಎಳೆಯಬಾರದು.

2. ಕುರ್ಚಿಯಿಂದ ಎದ್ದು ನಿಂತು ನಿಧಾನವಾಗಿ ಕುಳಿತುಕೊಳ್ಳುವುದು. 5ರಿಂದ ಆರಂಭಿಸಿ 10ಕ್ಕೆ ಏರಿಸಿರಿ.

3. ಜಗಲಿಯ ಕಂಬವನ್ನು ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದು. ಸಮತೋಲನಕ್ಕಾಗಿ ಮಾಡುವ ಈ ಅಭ್ಯಾಸದಲ್ಲಿ ಸಂಗಾತಿಯು ಪಕ್ಕದಲ್ಲಿಯೇ ಇರತಕ್ಕದ್ದು.

4. ನಡಿಗೆಯನ್ನು ಪಾಲು ಮಾಡುವುದು. ಐದು ನಿಮಿಷ ನಡೆದು, ಕುಳಿತು ದಣಿವಾರಿಸಿಕೊಂಡು, ಮತ್ತೆ ನಡೆಯಿರಿ.

ಪಾದದ ಮುಂಭಾಗ ಕೆಳಕ್ಕೆ ಜೋತು ಬೀಳುವವರಿಗೆ ಹಗುರವಾದ ಕಾಲುಪಟ್ಟಿಯಿಂದ ಪ್ರಯೋಜನವಾಗುತ್ತದೆ. ಊರುಗೋಲನ್ನು ದುರ್ಬಲ ಕಾಲಿನ ಎದುರು ಭಾಗದ ಕೈಯಲ್ಲಿ ಹಿಡಿಯಬೇಕು. ಅದರ ತುದಿಗೆ ರಬ್ಬರು ಇರಲಿ.

ಸೆಕೆ ಮತ್ತು ಮಳೆಗಾಲದ ಎಚ್ಚರಿಕೆ

ಮೈ ಬಿಸಿಯೇರಿದಾಗ ಈ ರೋಗಿಗಳ ಕಾಲು ತಾತ್ಕಾಲಿಕವಾಗಿ ಸೋಲುತ್ತದೆ. ತಂಪಾದೊಡನೆ ಸರಿಯಾಗುತ್ತದೆ. ಆದುದರಿಂದ ಏಪ್ರಿಲ್, ಮೇ ತಿಂಗಳುಗಳಲ್ಲಿ ಮುಂಜಾನೆಯೇ ವ್ಯಾಯಾಮ ಮುಗಿಸಿರಿ. ಹಂಡೆಯ ಸುಡುನೀರಿನ ಸ್ನಾನವನ್ನು ಬಿಟ್ಟು ಉಗುರುಬೆಚ್ಚನೆಯ ಅಥವಾ ತಣ್ಣೀರನ್ನು ಬಳಸಿರಿ. ಮಳೆಗಾಲದಲ್ಲಿ ಅಂಗಳದ ಪಾಚಿಯನ್ನು ಉಜ್ಜಿ ತೆಗೆಯಿರಿ. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿರಿ. ಸಡಿಲ ಚಪ್ಪಲಿಗಳ ಬದಲು ಹಿಮ್ಮಡಿಗೆ ಪಟ್ಟಿಯಿರುವುದನ್ನು ಧರಿಸಿರಿ. ಕಾಲುಸಂಕವನ್ನು ಒಬ್ಬರೇ ದಾಟಬಾರದು.

ಹೊಸ ದುರ್ಬಲತೆ, ದೃಷ್ಟಿ ಮಸುಕು ಅಥವಾ ಮೂತ್ರದ ತೊಂದರೆ 24 ಗಂಟೆಗಿಂತ ಹೆಚ್ಚು ಕಾಲ ಇದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ.

ದಾಂಪತ್ಯ ಮತ್ತು ಸಂತಾನ

ಈ ಕಾಯಿಲೆ ಇರುವವರು ಮಕ್ಕಳನ್ನು ಪಡೆಯಬಹುದು. ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ರೋಗವು ಮರುಕಳಿಸುವುದು ಕಡಿಮೆ. ಹೆರಿಗೆಯ ನಂತರದ ಮೂರು ತಿಂಗಳಲ್ಲಿ ಅದು ಹೆಚ್ಚಬಹುದು. ಆಗ ಬಾಣಂತಿಗೆ ನೆರವು ಅತ್ಯವಶ್ಯಕ. ಕೆಲವು ಔಷಧಗಳು ಗರ್ಭದ ಶಿಶುವಿಗೆ ಹಾನಿಕರ. ಆದಕಾರಣ ದಂಪತಿಗಳು ಮೊದಲೇ ವೈದ್ಯರೊಡನೆ ಆಲೋಚಿಸಿ, ಅಲ್ಲಿಯವರೆಗೆ ಸೂಕ್ತ ಗರ್ಭನಿರೋಧಕವನ್ನು ಅನುಸರಿಸಬೇಕು. ವೈದ್ಯರನ್ನು ಕೇಳದೆ ಔಷಧಿಯನ್ನು ನಿಲ್ಲಿಸಲೂಬಾರದು.

ನೆರವು ಎಲ್ಲಿ?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಅಲ್ಲಿಂದ ಅಗತ್ಯಕ್ಕೆ ತಕ್ಕಂತೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಅಥವಾ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರರೋಗ ತಜ್ಞರನ್ನು ಕಾಣಬಹುದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಈ ಕಾಯಿಲೆಯನ್ನು 21 ಅಂಗವೈಕಲ್ಯಗಳಲ್ಲಿ ಸೇರಿಸಿದೆ. ಪ್ರಮಾಣಪತ್ರ ಮತ್ತು ಗುರುತಿನ ಚೀಟಿಯ ಬಗ್ಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿರಿ.

ಕಾಯಿಲೆಯ ನೆಪದಲ್ಲಿ ಮಡದಿಯನ್ನು ತವರಿಗೆ ಅಟ್ಟುವುದು ಅನ್ಯಾಯ. ಪತಿಯೇ ರೋಗಿಯಾದಾಗ ಅವನನ್ನು ಮೂಲೆಗೆ ಕೂರಿಸುವುದೂ ಸರಿಯಲ್ಲ. ದಿನವೂ ಅರ್ಧ ಗಂಟೆಯನ್ನು ಮೀಸಲಿಟ್ಟು ಇಬ್ಬರೂ ಕೂಡಿ ಅಭ್ಯಾಸ ಮಾಡಿರಿ. ನಿಯಮ ತಪ್ಪದ ಅಭ್ಯಾಸವೇ ನಡಿಗೆಯನ್ನು ಉಳಿಸುವ ಮಾರ್ಗ.